ತಂಪು ಬೇಕು, ಕತ್ತಲೆಯೂ ಬೇಕೆ?



ಮಾರ್ಚಿ ತಿಂಗಳು ಕಾಲಿಟ್ಟಿತೆಂದರೆ ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೋಟದ ಒಳಗೆ ಒಂದು ಹವೆ, ತೋಟದ ಹೊರಗೆ ಇನ್ನೊಂದು ಹವೆ. ತೆಂಗಿನ ಸಾಲಿನ ಕೆಳಗೆ ನಿಂತರೆ ಹಾಯೆನಿಸುತ್ತದೆ; ಡಾಂಬರು ರಸ್ತೆಗೆ ಬಂದರೆ ಕಣ್ಣು ಬಿಡಲಾಗುವುದಿಲ್ಲ. ಮಧ್ಯಾಹ್ನ ಬಿಸಿಲಿಗೆ ನಿಲ್ಲಿಸಿದ ಕಾರಿನ ಬಾಗಿಲು ತೆಗೆದರೆ ನೀರೊಲೆಯ ಹಂಡೆಯ ಮುಚ್ಚಳ ತೆಗೆದ ಹಾಗೆ ಝಳ ಮುಖಕ್ಕೆ ಬಡಿಯುತ್ತದೆ. ಆದ್ದರಿಂದ ಹೊಸ ಕಾರು ಕೊಂಡ ಕುಟುಂಬಗಳು ಮೊದಮೊದಲು ಮಾಡುವ ಕೆಲಸಗಳಲ್ಲಿ ಒಂದು, ಗುರುಗಳಿಂದ ಗಾಡಿಗೆ ಆಶೀರ್ವಾದ ಮಾಡಿಸುವುದು. ಇನ್ನೊಂದು, ಗಾಜಿಗೆ ಸನ್ ಫಿಲಂ ಅಂಟಿಸುವುದು.

ಈ ಎರಡನೆಯ ಕೆಲಸದ ಬಗ್ಗೆ ಈ ವಾರ ಸ್ವಲ್ಪ ಯೋಚಿಸೋಣ. "ಗಾಜಿಗೆ ಹಾಳೆ ಅಂಟಿಸುವುದರಲ್ಲಿ ಧರ್ಮ ಅಧರ್ಮದ ಮಾತೇನು ಬಂತು? ಅದು ಪೊಲೀಸರಿಗೂ ಗಾಡಿಯವರಿಗೂ ಬಿಟ್ಟ ವಿಷಯವಲ್ಲವೇ?" ಎಂದು ನೀವು ಕೇಳಬಹುದು. ಆದರೆ ನಮ್ಮ ನಡತೆಯ ಪರೀಕ್ಷೆ ಯಾವಾಗಲೂ ದೊಡ್ಡ ದೊಡ್ಡ ಸಂಗತಿಗಳಲ್ಲೇ ನಡೆಯುವುದಿಲ್ಲ. ಇಂಥ ಸಣ್ಣ ಸಂಗತಿಗಳಲ್ಲಿ, ಯಾರೂ ಪ್ರಶ್ನಿಸದ ಕಡೆಯಲ್ಲಿ, ನಮಗೆ ನಿಜವಾಗಿ ಬೇಕಾದದ್ದು ಏನು ಎಂಬುದು ಹೊರಬೀಳುತ್ತದೆ.

ಒಂದು ಕ್ರಿಯೆ, ಎರಡು ಫಲ

ಗುರುಮಠದ ನೀತಿಶಾಸ್ತ್ರದ ಪಾಠದಲ್ಲಿ ದ್ವಿಫಲ ತತ್ತ್ವ ಎಂಬುದೊಂದು ಬರುತ್ತದೆ. 13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಆತ್ಮರಕ್ಷಣೆಯ ಪ್ರಶ್ನೆಯನ್ನು ಚರ್ಚಿಸುವಾಗ ಇದಕ್ಕೆ ಅಡಿಪಾಯ ಹಾಕಿದರು. ಒಂದೇ ಕ್ರಿಯೆಯಿಂದ ಎರಡು ಫಲಗಳು ಹುಟ್ಟಬಹುದು. ಒಂದು ನಾವು ಬಯಸಿದ್ದು, ಇನ್ನೊಂದು ಬಯಸದಿದ್ದರೂ ಅದರ ಜೊತೆಯಲ್ಲೇ ಬರುವಂಥದ್ದು.

ಉದಾಹರಣೆಗೆ, ಕ್ಯಾನ್ಸರಿಗೆ ಕೊಡುವ ಕೆಲವು ಔಷಧಗಳಿಂದ ರೋಗಿಯ ಕೂದಲು ಉದುರುತ್ತದೆ. ವೈದ್ಯರಿಗೆ ಬೇಕಾಗಿರುವುದು ರೋಗ ವಾಸಿಯಾಗುವುದು. ಕೂದಲು ಉದುರುವುದನ್ನು ಅವರು ಸಹಿಸಿಕೊಳ್ಳುತ್ತಾರೆ, ಬಯಸುವುದಿಲ್ಲ. ಇದು ನಮಗೆ ಹೇಗೆ ಗೊತ್ತು? ಅಷ್ಟೇ ಗುಣ ಕೊಡುವ, ಕೂದಲು ಉದುರಿಸದ ಔಷಧ ನಾಳೆ ಬಂದರೆ ಅವರು ಹಳೆಯದನ್ನು ಬಿಟ್ಟು ಹೊಸದನ್ನೇ ಬರೆದುಕೊಡುತ್ತಾರೆ. ಎರಡು ಫಲಗಳನ್ನು ಬೇರೆಮಾಡಲು ಸಾಧ್ಯವಾದ ದಿನ ಮನುಷ್ಯನ ಉದ್ದೇಶ ಬಯಲಾಗುತ್ತದೆ.

ಕಾರಿನ ಕಪ್ಪು ಗಾಜಿಗೂ ಹೀಗೆಯೇ ಎರಡು ಫಲಗಳಿವೆ. ಒಂದು, ಒಳಗೆ ತಂಪು. ಎರಡು, ಒಳಗಿರುವವರು ಹೊರಗಿನವರನ್ನು ನೋಡಬಹುದು, ಹೊರಗಿನವರು ಒಳಗಿನವರನ್ನು ನೋಡಲಾಗದು. ಮೊದಲನೆಯದು ನ್ಯಾಯವಾದ ಬಯಕೆ. ಬಿಸಿಲಿನಲ್ಲಿ ಬೇಯುವುದರಿಂದ ಯಾರೂ ಸಂತರಾಗುವುದಿಲ್ಲ; ವಯಸ್ಸಾದ ತಾಯಿ, ಹಸುಗೂಸು, ಬಿಸಿಲು ಸೋಕಿದರೆ ಚರ್ಮ ಕೆಂಪಾಗಿ ಉರಿಯುವ ರೋಗಿ, ಇವರಿಗೆಲ್ಲ ನೆರಳು ಬೇಕೇ ಬೇಕು. ಹಾಗಾದರೆ ಎರಡನೆಯ ಫಲ ಏನು? ಅದು ತಂಪಿನ ಜೊತೆ ತಾನಾಗಿ ಬರುವ ನೆರಳೋ ಅಥವಾ ನಾವು ಬಯಸಿ ತರಿಸಿಕೊಂಡದ್ದೋ?

ಬಿಸಿಲಿನ ಲೆಕ್ಕ

ಇಲ್ಲಿ ವಿಜ್ಞಾನದ ಒಂದೆರಡು ಮಾತು ತಿಳಿದಿರಬೇಕು. ಸೂರ್ಯನಿಂದ ಭೂಮಿಗೆ ಬರುವ ಶಕ್ತಿಯಲ್ಲಿ ಸುಮಾರು ಅರ್ಧಭಾಗ ಕಣ್ಣಿಗೆ ಕಾಣದ ಅತಿಗೆಂಪು ಕಿರಣಗಳ ರೂಪದಲ್ಲಿರುತ್ತದೆ. ಚರ್ಮಕ್ಕೆ ಹಾನಿ ಮಾಡುವ ಅತಿನೇರಳೆ ಕಿರಣಗಳೂ ಕಣ್ಣಿಗೆ ಕಾಣುವುದಿಲ್ಲ. ಗಾಜಿನ ಮೂಲಕ ಒಳಬಂದ ಬಿಸಿಲು ಸೀಟನ್ನೂ ಡ್ಯಾಶ್‌ಬೋರ್ಡನ್ನೂ ಕಾಯಿಸುತ್ತದೆ. ಕಾದ ಸೀಟಿನಿಂದ ಹೊರಡುವ ಶಾಖವನ್ನು ಗಾಜು ಹೊರಕ್ಕೆ ಬಿಡುವುದಿಲ್ಲ, ಗಾಳಿಯೂ ಆಡುವುದಿಲ್ಲ. ಹೀಗೆ ಕಾರು ಬಿಸಿಲನ್ನು ಹಿಡಿದಿಡುವ ಬೋನಾಗುತ್ತದೆ.

ಇದರ ಅರ್ಥ ಸ್ಪಷ್ಟ. ಗಾಜು ಕಪ್ಪಾದಷ್ಟೂ ಒಳಗೆ ತಂಪು ಎಂಬುದು ನಿಜವಲ್ಲ. ಬರೀ ಬಣ್ಣ ಬಳಿದ ಅಗ್ಗದ ಕಪ್ಪು ಹಾಳೆ ಬೆಳಕನ್ನು ತಡೆದು ತಾನೇ ಕಾಯುತ್ತದೆ; ಆ ಶಾಖದಲ್ಲಿ ಒಂದು ಪಾಲು ಮತ್ತೆ ಒಳಕ್ಕೇ ಬರುತ್ತದೆ. ಅದೇ ವೇಳೆ, ನೋಡಲು ಹೆಚ್ಚುಕಡಿಮೆ ತಿಳಿಯಾಗಿದ್ದು ಅತಿಗೆಂಪು ಮತ್ತು ಅತಿನೇರಳೆ ಕಿರಣಗಳನ್ನು ಬಹುಮಟ್ಟಿಗೆ ತಡೆಯುವ ಗಾಜುಗಳೂ ಹಾಳೆಗಳೂ ಇಂದು ಇವೆ. ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಮಾಡುವ ಮುಂಗಾಜು ತಿಳಿಯಾಗಿದ್ದೇ ಅತಿನೇರಳೆ ಕಿರಣಗಳನ್ನು ಬಹುಪಾಲು ತಡೆದುಬಿಡುತ್ತದೆ.

ಕಣ್ಣು ಕುಕ್ಕುವ ಬೆಳಕಿನ ಮಾತೂ ಹಾಗೆಯೇ. ಸಂಜೆ ತುಮಕೂರಿನಿಂದ ತಿಪಟೂರಿಗೆ ಬರುವವರು ಪಶ್ಚಿಮಕ್ಕೆ ಮುಖಮಾಡಿ ಬರುತ್ತಾರೆ. ಮುಳುಗುವ ಸೂರ್ಯ ನೇರ ಕಣ್ಣಿಗೇ ಹೊಡೆಯುತ್ತಾನೆ. ಆ ಬೆಳಕು ಬರುವುದು ಮುಂಗಾಜಿನಿಂದ. ಪಕ್ಕದ ಗಾಜಿಗೆ ಎಷ್ಟು ಕಪ್ಪು ಬಳಿದರೂ ಅದು ನಿಲ್ಲುವುದಿಲ್ಲ. ಅದಕ್ಕೆ ಮದ್ದು, ಧೂಳು ಒರೆಸಿದ ಗಾಜು, ತಲೆಯ ಮೇಲಿನ ಮಡಿಸುವ ತಡೆಹಲಗೆ, ಒಂದು ತಂಪು ಕನ್ನಡಕ.

ಅಂದರೆ, ತಂಪನ್ನೂ ಕತ್ತಲೆಯನ್ನೂ ಇಂದು ಬೇರೆಮಾಡಬಹುದು. ಆದ್ದರಿಂದ ನಮ್ಮ ಮನಸ್ಸಾಕ್ಷಿಗೆ ಒಂದು ನೇರ ಪ್ರಶ್ನೆ ಬರುತ್ತದೆ: ಕತ್ತಲೆಯಿಲ್ಲದೆ ತಂಪು ಸಿಗುವುದಾದರೆ ನನಗೆ ಅಷ್ಟು ಸಾಕೆ? ಸಾಕು ಎನ್ನುವವರ ಬಯಕೆ ತಂಪಿನದು. ಆಗಲೂ ಕಪ್ಪೇ ಬೇಕು ಎನ್ನುವವರು ಬಿಸಿಲಿನ ಮಾತನ್ನು ಬಿಟ್ಟು, ಕತ್ತಲೆ ಏಕೆ ಬೇಕೆಂದು ತಮ್ಮನ್ನೇ ಕೇಳಿಕೊಳ್ಳುವುದು ಒಳ್ಳೆಯದು.

ಕಾನೂನು ಎಳೆದ ಗೆರೆ

ನಮ್ಮ ದೇಶದ ಕಾನೂನು ಈ ಎರಡು ಫಲಗಳ ನಡುವೆ ಒಂದು ಗೆರೆ ಎಳೆದಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೆಯ ನಿಯಮದ ಪ್ರಕಾರ ಮುಂಗಾಜು ಮತ್ತು ಹಿಂಗಾಜಿನ ಮೂಲಕ ಕನಿಷ್ಠ ಶೇಕಡಾ 70ರಷ್ಟು, ಪಕ್ಕದ ಗಾಜುಗಳ ಮೂಲಕ ಕನಿಷ್ಠ ಶೇಕಡಾ 50ರಷ್ಟು ಬೆಳಕು ಹಾಯಬೇಕು. ಅವಿಷೇಕ್ ಗೋಯೆಂಕಾ ಎಂಬವರು ಹೂಡಿದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2012ರ ಏಪ್ರಿಲ್ 27ರಂದು ತೀರ್ಪು ಕೊಟ್ಟು, ಗಾಜಿನ ಮೇಲೆ ಯಾವ ಬಗೆಯ ಹಾಳೆಯನ್ನೂ ಅಂಟಿಸಬಾರದೆಂದು ಹೇಳಿತು. ಆ ವರ್ಷದ ಮೇ 4ರಿಂದ ಅದು ದೇಶಾದ್ಯಂತ ಜಾರಿಗೆ ಬಂತು. ಅತಿ ಹೆಚ್ಚಿನ ಭದ್ರತೆ ಬೇಕಾದ ಕೆಲವರಿಗೆ ಮಾತ್ರ ವಿನಾಯಿತಿ ದೊರೆಯಿತು.

ಆಮೇಲೆ ನಿಯಮ ತಿದ್ದುಪಡಿಯಾಯಿತು. 2021ರ ಏಪ್ರಿಲಿನಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ, ನಿಗದಿತ ಗುಣಮಟ್ಟದ, ಪ್ಲಾಸ್ಟಿಕ್ ಪದರವಿರುವ ಸುರಕ್ಷಾ ಗಾಜಿಗೂ ಜಾಗ ಸಿಕ್ಕಿತು. ಆ ಆಧಾರದ ಮೇಲೆ 2024ರ ಸೆಪ್ಟೆಂಬರಿನಲ್ಲಿ ಕೇರಳ ಉಚ್ಚ ನ್ಯಾಯಾಲಯ, 70–50ರ ಮಿತಿಯೊಳಗೆ ಇರುವ ಹಾಳೆಗೆ ದಂಡ ಹಾಕುವಂತಿಲ್ಲ ಎಂದಿತು. ಹಾಳೆಯ ಮಾತು ಬದಲಾಗಿರಬಹುದು, ಬೆಳಕಿನ ಮಿತಿ ಬದಲಾಗಿಲ್ಲ. ಒಂದು ಸಣ್ಣ ಲೆಕ್ಕ ನೋಡಿ. ನೂರರಲ್ಲಿ 70 ಪಾಲು ಬೆಳಕು ಬಿಡುವ ಗಾಜಿಗೆ 20 ಪಾಲು ಮಾತ್ರ ಬಿಡುವ ಹಾಳೆ ಅಂಟಿಸಿದರೆ ಉಳಿಯುವುದು 14 ಪಾಲು. ಮುಸ್ಸಂಜೆಯಲ್ಲಿ ತೋಟದ ದಾರಿಯಿಂದ ಹೆದ್ದಾರಿಗೆ ತಿರುಗುವಾಗ, ದೀಪವಿಲ್ಲದ ಸೈಕಲ್ಲಿನಲ್ಲಿ ಮನೆಗೆ ಹೊರಟ ಕೂಲಿಯವನನ್ನು ಆ 14 ಪಾಲು ಬೆಳಕಿನಲ್ಲೇ ಗುರುತಿಸಬೇಕು. ಅಂಗಡಿಯವರ ಮಾತು ನಂಬಿ ಹಾಳೆ ಅಂಟಿಸುವ ಮೊದಲು ತಿಪಟೂರಿನ ಸಾರಿಗೆ ಕಚೇರಿಯಲ್ಲಿ ಒಂದು ಮಾತು ಕೇಳಿದರೆ ನಷ್ಟವೇನಿಲ್ಲ.

ಅಕ್ವಿನಾಸರ ದೃಷ್ಟಿಯಲ್ಲಿ ಕಾನೂನು ಎಂದರೆ ಆಳುವವರ ಮನಸ್ಸಿಗೆ ಬಂದ ಅಪ್ಪಣೆಯಲ್ಲ. ಎಲ್ಲರ ಹಿತವನ್ನು ನೋಡಿ ವಿವೇಕವು ಮಾಡುವ ಏರ್ಪಾಡು. ಈ 70–50ರ ಗೆರೆಯಲ್ಲಿ ಅಂಥ ವಿವೇಕ ಕಾಣುತ್ತದೆ. ಅದು ನಿಮಗೆ ನೆರಳು ಬೇಡವೆನ್ನುವುದಿಲ್ಲ. ನೆರಳಿನಲ್ಲಿರಿ, ಆದರೆ ಕಾಣಿಸುವಂತಿರಿ ಎನ್ನುತ್ತದೆ.

ಎಲ್ಲ ಮರೆಯೂ ತಪ್ಪಲ್ಲ

ಹಾಗೆಂದು ಮರೆಮಾಡುವುದೆಲ್ಲ ಕೆಟ್ಟದ್ದೆಂದು ತಿಳಿಯಬಾರದು. ನಮ್ಮ ಧರ್ಮಸಭೆಯೇ ಒಂದು ಮರೆಯನ್ನು ಶತಮಾನಗಳಿಂದ ಕಾಪಾಡಿಕೊಂಡು ಬಂದಿದೆ. ಪಾಪನಿವೇದನಾ ಪೀಠದ ಜಾಲರಿಯನ್ನು ನೆನೆದುಕೊಳ್ಳಿ. 16ನೆಯ ಶತಮಾನದಲ್ಲಿ ಮಿಲಾನಿನ ಧರ್ಮಾಧ್ಯಕ್ಷ ಸಂತ ಚಾರ್ಲ್ಸ್ ಬೊರೋಮಿಯೊ ಅವರು ಆ ಬಗೆಯ ಪೀಠವನ್ನು ಬಳಕೆಗೆ ತಂದವರಲ್ಲಿ ಪ್ರಮುಖರು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 964ನೆಯ ವಿಧಿ ಎರಡು ಸಂಗತಿಗಳನ್ನು ಒಟ್ಟಿಗೆ ಕೇಳುತ್ತದೆ: ನಿವೇದಕರಿಗೂ ಗುರುವಿಗೂ ನಡುವೆ ಜಾಲರಿ ಇರಬೇಕು, ಆ ಪೀಠ ಎಲ್ಲರಿಗೂ ಕಾಣುವ ತೆರೆದ ಸ್ಥಳದಲ್ಲಿರಬೇಕು. ಜಾಲರಿ ಇರುವುದು ಮಂಡಿಯೂರಿದ ದುರ್ಬಲನ ಮಾನ ಕಾಯಲು. ತೆರೆದ ಸ್ಥಳ ಬೇಕಾಗಿರುವುದು, ಆ ಮರೆಯನ್ನು ಯಾರೂ, ಗುರುವೂ ಸಹ, ದುರುಪಯೋಗ ಮಾಡಬಾರದೆಂದು. ಮರೆಯೂ ಇದೆ, ಬಯಲೂ ಇದೆ.

ನಮ್ಮ ಸೀಮೆಯ ಕಸುಬೂ ಇದನ್ನೇ ಕಲಿಸುತ್ತದೆ. ತಿಪಟೂರಿನ ಉಂಡೆ ಕೊಬ್ಬರಿ ಬಿಸಿಲಿನಲ್ಲಿ ಒಣಗಿಸಿದ್ದಲ್ಲ. ಇಡೀ ಕಾಯಿ ಹತ್ತು ಹನ್ನೆರಡು ತಿಂಗಳು ಅಟ್ಟದ ನೆರಳಿನಲ್ಲಿ ಕೂತು, ಒಳಗೊಳಗೇ ನೀರಾರಿ, ಕರಟದಿಂದ ಬಿಟ್ಟುಕೊಳ್ಳುತ್ತದೆ. ನೆರಳಿಲ್ಲದೆ ಆ ಗಿಟುಕು ಇಲ್ಲ. ಆದರೆ ಮಾರುಕಟ್ಟೆಗೆ ಬಂದ ದಿನ ಸಿಪ್ಪೆಯೂ ಕರಟವೂ ಹೋಗಿ, ಕೊಳ್ಳುವವನ ಅಂಗೈಯಲ್ಲಿ, ಹಗಲು ಬೆಳಕಿನಲ್ಲಿ ಅದು ತಿರುಗಲೇಬೇಕು. ನೆರಳಿನಲ್ಲಿ ಮಾಗುವುದು ಬೇರೆ, ಬೆಳಕಿಗೆ ಬರಲೊಲ್ಲೆ ಎನ್ನುವುದು ಬೇರೆ.

ಆದ್ದರಿಂದ ಯಾವುದೇ ಪರದೆಯ ಮುಂದೆ ನಿಂತಾಗ ಎರಡು ಮಾತು ಕೇಳಬೇಕು. ಈ ಪರದೆ ಯಾರನ್ನು ಕಾಯುತ್ತದೆ? ಇದರ ಹಿಂದೆ ತಪ್ಪು ನಡೆದರೆ ತಿಳಿಯಲು ದಾರಿಯಿದೆಯೇ?

"ಫಾದರ್, ನನ್ನ ಹೆಂಡತಿ ಮಕ್ಕಳನ್ನು ದಾರಿಯವರೆಲ್ಲ ದಿಟ್ಟಿಸಬಾರದು, ಅದಕ್ಕೇ ಕಪ್ಪು ಹಾಳೆ" ಎನ್ನುವ ಮನೆಯ ಯಜಮಾನರಿದ್ದಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ, ಅದರಲ್ಲಿ ಪ್ರೀತಿಯಿದೆ. ಆದರೆ ಕಾನೂನು ಎಲ್ಲ ಗಾಡಿಗಳಿಗೂ ಒಂದೇ. ನಿಮ್ಮ ಕಾರಿನಲ್ಲಿ ನಿಮ್ಮ ಮಗಳನ್ನು ಕಾಯುವ ಕತ್ತಲೆ ಇನ್ನೊಬ್ಬನ ಗಾಡಿಯಲ್ಲಿ ಇನ್ನೊಬ್ಬರ ಮಗಳ ಕೂಗನ್ನು ಮುಚ್ಚುತ್ತದೆ. 2012ರ ಡಿಸೆಂಬರ್ 16ರ ರಾತ್ರಿ ದೆಹಲಿಯ ರಸ್ತೆಗಳಲ್ಲಿ ಓಡಾಡಿದ ಆ ಬಸ್ಸನ್ನು ದೇಶ ಮರೆತಿಲ್ಲ. ಅದಕ್ಕೂ ಕಪ್ಪು ಗಾಜು ಇತ್ತು, ಪರದೆಗಳಿದ್ದವು. ಹೊರಗೆ ನಗರ ಎಚ್ಚರವಾಗಿಯೇ ಇತ್ತು. ಒಳಗೆ ನಡೆಯುತ್ತಿದ್ದುದು ಯಾರಿಗೂ ಕಾಣಲಿಲ್ಲ. ಕಾನೂನುಬದ್ಧ ಗಾಜಿನಲ್ಲೂ ಹಗಲಿನಲ್ಲಿ ಹೊರಗಿನವರಿಗೆ ಒಳಗಿನದು ಅಷ್ಟೇನೂ ನಿಚ್ಚಳವಾಗಿ ಕಾಣುವುದಿಲ್ಲ. ಸಂಸಾರದ ಮಾನಕ್ಕೆ ಅಷ್ಟು ಮರೆ ಸಾಕು.

ಇನ್ನೊಂದು ಮಾತನ್ನು ತಾಯಂದಿರು ವಿಶೇಷವಾಗಿ ಗಮನಿಸಬೇಕು. ಮದುವೆ ಮನೆಯ ಮುಂದೆ, ಸಂತೆಯ ಬದಿಯಲ್ಲಿ, "ಮಗು ನಿದ್ದೆ ಮಾಡ್ತಿದೆ, ಐದೇ ನಿಮಿಷ" ಎಂದು ಕಾರಿನೊಳಗೇ ಬಿಟ್ಟು ಹೋಗುವವರಿದ್ದಾರೆ. ಹಾಗೆ ಎಂದೂ ಮಾಡಬೇಡಿ. ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಶಾಖ ಹತ್ತೇ ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಏರಬಲ್ಲದು. ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ. ಯಾವ ಹಾಳೆಯೂ ಅದನ್ನು ತಡೆಯದು. ಗಾಜು ತಿಳಿಯಾಗಿದ್ದರೆ ದಾರಿಹೋಕನೊಬ್ಬ ಮಗುವನ್ನು ಕಂಡು ಕೂಗಿಯಾನು. ಗಾಜು ಕಪ್ಪಾಗಿದ್ದರೆ ಆ ಕೊನೆಯ ಕಾವಲೂ ಇಲ್ಲ.

ಕಾಣದವನ ನಡತೆ

ಅದೃಶ್ಯನಾಗುವ ಆಸೆ ಮನುಷ್ಯನಿಗೆ ಬಹಳ ಹಳೆಯದು. ನಮ್ಮ ಅಜ್ಜಿಯರ ಕಥೆಗಳಲ್ಲಿ ಹಚ್ಚಿಕೊಂಡರೆ ಯಾರಿಗೂ ಕಾಣದಂತಾಗುವ ಅಂಜನ ಬರುತ್ತದೆ. ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದ ಎರಡನೆಯ ಭಾಗದಲ್ಲಿ ಗೈಜೀಸನ ಉಂಗುರದ ಕಥೆ ಹೇಳಿಸುತ್ತಾನೆ. ಒಬ್ಬ ಕುರುಬನಿಗೆ ಒಂದು ಉಂಗುರ ಸಿಗುತ್ತದೆ. ಅದರ ಹರಳನ್ನು ಒಳಕ್ಕೆ ತಿರುಗಿಸಿದರೆ ಅವನು ಯಾರಿಗೂ ಕಾಣುವುದಿಲ್ಲ. ಅವನು ಅರಮನೆ ಸೇರುತ್ತಾನೆ, ರಾಣಿಯನ್ನು ಒಲಿಸಿಕೊಳ್ಳುತ್ತಾನೆ, ಅರಸನನ್ನು ಕೊಂದು ತಾನೇ ಅರಸನಾಗುತ್ತಾನೆ. ಅಲ್ಲಿ ಏಳುವ ಪ್ರಶ್ನೆ ಇದು: ಇಂಥ ಉಂಗುರ ಸಿಕ್ಕಿದರೂ ಒಳ್ಳೆಯವನಾಗಿಯೇ ಉಳಿಯುವವನು ಯಾರು?

ಕಪ್ಪು ಗಾಜು ಗೈಜೀಸನ ಉಂಗುರದಷ್ಟು ಶಕ್ತಿಯದ್ದೇನೂ ಅಲ್ಲ. ಆದರೂ ಅದರ ಹಿಂದೆ ಕೂತವನ ಸ್ವಭಾವ ಸ್ವಲ್ಪ ಬದಲಾಗುತ್ತದೆ. ಮುಖ ಕಾಣುವಾಗ ಒತ್ತದ ಹಾರ್ನನ್ನು ಮುಖ ಕಾಣದಾಗ ಒತ್ತುತ್ತಾನೆ. ಕೆಸರು ಹಾರಿಸಿ ನಿಲ್ಲದೆ ಹೋಗುತ್ತಾನೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಇದು. ದೇವರ ಕಣ್ಣಿಗೆ ಯಾವ ಹಾಳೆಯೂ ಅಡ್ಡಬರುವುದಿಲ್ಲವೆಂಬುದು ನಮಗೆಲ್ಲ ಗೊತ್ತು. ಆದರೂ ನೆರೆಯವರ ಕಣ್ಣು ಕೂಡ ನಮ್ಮನ್ನು ಸರಿದಾರಿಯಲ್ಲಿಡಲು ಸಿಕ್ಕ ಒಂದು ಸಹಾಯ.

ಕೆ.ಬಿ. ಕ್ರಾಸಿನಲ್ಲಿ ನಿಂತು ನೋಡಿ. ತುಮಕೂರು–ತಿಪಟೂರು ಹೆದ್ದಾರಿಗೆ ಅಲ್ಲಿ ಒಂದು ಕಡೆಯಿಂದ ತುರುವೇಕೆರೆ ರಸ್ತೆ, ಇನ್ನೊಂದು ಕಡೆಯಿಂದ ಚಿಕ್ಕನಾಯಕನಹಳ್ಳಿ ರಸ್ತೆ ಸೇರುತ್ತದೆ. ರಸ್ತೆ ದಾಟುವ ಮುದುಕಿ ಮೊದಲು ಚಕ್ರವನ್ನು ನೋಡುವುದಿಲ್ಲ, ಓಡಿಸುವವನ ಮುಖವನ್ನು ನೋಡುತ್ತಾಳೆ. ಇವನು ನನ್ನನ್ನು ಕಂಡನೋ ಇಲ್ಲವೋ? ಅವನು ತಲೆಯಾಡಿಸಿದರೆ ಹೆಜ್ಜೆ ಇಡುತ್ತಾಳೆ. ಇಬ್ಬರೂ ಒಂದು ಮಾತೂ ಆಡದೆ ಮಾಡಿಕೊಂಡ ಒಪ್ಪಂದ ಅದು. ಗಾಜು ಕಪ್ಪಾಗಿದ್ದರೆ ಅವಳಿಗೆ ಉತ್ತರ ಸಿಗುವುದಿಲ್ಲ. ತನ್ನದೇ ಮುಖ ಗಾಜಿನಲ್ಲಿ ಕಾಣುತ್ತದೆ.

ಫ್ರಾನ್ಸಿನ ತತ್ತ್ವಜ್ಞಾನಿ ಎಮಾನುಯೆಲ್ ಲೆವಿನಾಸ್ ಯೆಹೂದ್ಯ ಮನೆತನದವರು. ಎರಡನೆಯ ಮಹಾಯುದ್ಧದಲ್ಲಿ ತಾವು ಸೆರೆಯಾಳಾಗಿದ್ದರು, ಹೆತ್ತವರನ್ನೂ ಸಹೋದರರನ್ನೂ ಕಳೆದುಕೊಂಡಿದ್ದರು. ಅವರ ಚಿಂತನೆಯ ತಿರುಳು ಇಷ್ಟು: ಇನ್ನೊಬ್ಬನ ಮುಖ ಎದುರಿಗೆ ಬಂದ ಕ್ಷಣವೇ ನನ್ನ ಮೇಲೆ ಒಂದು ಹೊಣೆ ಬೀಳುತ್ತದೆ, ಅದಕ್ಕೆ ನನ್ನ ಒಪ್ಪಿಗೆ ಬೇಕಿಲ್ಲ. ಸಂತ ಲೂಕನ ಶುಭಸಂದೇಶದ ಕರುಣಾಳು ಸಮಾರಿಯದವನ ಸಾಮತಿಯಲ್ಲೂ ಯಾಜಕ, ಲೇವಿಯ, ಸಮಾರಿಯದವನು ಮೂವರೂ ಗಾಯಾಳುವನ್ನು ನೋಡಿದರು. ಇಬ್ಬರು ಪಕ್ಕಕ್ಕೆ ಸರಿದು ಹೋದರು. ಮೂರನೆಯವನು ಹತ್ತಿರ ಬಂದನು. ಕಪ್ಪು ಗಾಜಿನ ಹಿಂದೆ ಕೂತವರಿಗೂ ಹೊರಗಿನದು ಕಾಣುತ್ತದೆ, ಕಾಣಲಿಲ್ಲವೆಂದು ಹೇಳುವಂತಿಲ್ಲ. ಆದರೆ ಪಕ್ಕಕ್ಕೆ ಸರಿದು ಹೋದದ್ದು ಯಾರಿಗೂ ತಿಳಿಯುವುದಿಲ್ಲ. ರಸ್ತೆಬದಿಯಲ್ಲಿ ಬಿದ್ದವನು ಕೈಯೆತ್ತಿದರೆ ಆ ಕೈಗೆ ಎದುರಾಗಿ ಒಂದು ಮುಖವೂ ಇರುವುದಿಲ್ಲ. ಸಹಾಯ ಕೇಳುವುದಾದರೂ ಯಾರನ್ನು?

"ನನ್ನ ಗಾಡಿ, ನನ್ನ ದುಡ್ಡು" ಎನ್ನುವವರಿಗೆ ಒಂದೇ ಮಾತು. ಗಾಡಿ ನಿಮ್ಮದು, ದುಡ್ಡು ನಿಮ್ಮದು, ರಸ್ತೆ ಎಲ್ಲರದು. ಎಲ್ಲರದಾದ ಜಾಗದಲ್ಲಿ ಮುಖ ತೋರಿಸಿ ನಡೆಯುವುದು ನೆರೆಯವರಿಗೆ ಸಲ್ಲಬೇಕಾದ ಮರ್ಯಾದೆ.

ಹಂಚಿಕೊಳ್ಳುವ ನೆರಳು

ಬಿಸಿಲು ಕಾರಿನಲ್ಲಿರುವವರಿಗೆ ಮಾತ್ರ ಬೀಳುವುದಿಲ್ಲ ಎಂಬುದನ್ನೂ ನೆನಪಿಡೋಣ. ಮರ ಹತ್ತಿ ಕಾಯಿ ಕೆಡವುವವನು, ಕಾಯಿ ಸುಲಿದು ಗುಡ್ಡೆ ಹಾಕುವವರು, ಬಸ್ಸಿಗೆ ಕಾದು ನಿಂತ ಶಾಲೆಯ ಮಕ್ಕಳು, ಇವರಿಗೆಲ್ಲ ಅಂಟಿಸಿಕೊಳ್ಳಲು ಹಾಳೆಯಿಲ್ಲ. ಹಾಳೆಯ ನೆರಳು ಕೊಂಡವರಿಗಷ್ಟೇ. ಮರದ ನೆರಳು ಬಂದವರಿಗೆಲ್ಲ. ನಮ್ಮ ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಸೊಸೆಯಾಗಿ ಹೋದ ಸಾಲುಮರದ ತಿಮ್ಮಕ್ಕನವರು ಗಂಡನ ಜೊತೆ ಸೇರಿ ಹುಲಿಕಲ್–ಕುದೂರು ರಸ್ತೆಯಲ್ಲಿ 385 ಆಲದ ಸಸಿಗಳನ್ನು ನೆಟ್ಟು, ನೀರು ಹೊತ್ತು ಬೆಳೆಸಿದರು. ಅವರಿಗೆ ಮಕ್ಕಳಿರಲಿಲ್ಲ, ಓದು ಬರಹ ಇರಲಿಲ್ಲ. 2019ರಲ್ಲಿ ರಾಷ್ಟ್ರ ಅವರಿಗೆ ಪದ್ಮಶ್ರೀ ಕೊಟ್ಟಿತು. ಬಿಸಿಲಿಗೆ ಅವರು ಕಂಡುಕೊಂಡ ಉತ್ತರದಲ್ಲಿ ಕಾರಿನವನಿಗೂ ಕಾಲ್ನಡಿಗೆಯವನಿಗೂ ಸಮಪಾಲು ಇದೆ.

ಈ ಭಾನುವಾರ ಊಟವಾದ ಮೇಲೆ, ಕಾರಿರುವ ಮನೆಯವರೂ ಇಲ್ಲದ ಮನೆಯವರೂ, ಮಕ್ಕಳನ್ನು ಕೂರಿಸಿಕೊಂಡು ಈ ಮಾತುಗಳನ್ನು ಚರ್ಚಿಸಿ. ನಮ್ಮ ಗಾಡಿಯ ಗಾಜಿನಲ್ಲಿ ಎಷ್ಟು ಬೆಳಕು ಹಾಯುತ್ತದೆ? ಕತ್ತಲೆಯಿಲ್ಲದೆ ತಂಪು ಸಿಕ್ಕರೆ ನಮಗೆ ಸಾಕೆ? ಗಾಜಿನದಷ್ಟೇ ಅಲ್ಲ, ನಮ್ಮ ಮನೆಯ ವ್ಯವಹಾರದಲ್ಲಿ, ಲೆಕ್ಕಪತ್ರದಲ್ಲಿ, ಗಂಡ ಹೆಂಡಿರ ನಡುವೆ, "ಇದು ಅನುಕೂಲಕ್ಕೆ" ಎನ್ನುತ್ತ ನಾವು ಎಳೆದುಕೊಂಡಿರುವ ಪರದೆಗಳು ಯಾವುವು? ಅವು ಯಾರನ್ನು ಕಾಯುತ್ತಿವೆ?

ಮುಂಗಾರು ಬಂದಾಗ ಮನೆಯ ಮುಂದಿನ ರಸ್ತೆಬದಿಗೆ ಒಂದು ಹೊಂಗೆ ಸಸಿ ನೆಡಿ. ಅದು ದೊಡ್ಡದಾಗುವವರೆಗೆ ಗಾಡಿಯನ್ನು ನೆರಳು ಇದ್ದ ಕಡೆ ನಿಲ್ಲಿಸಿ, ಹತ್ತುವ ಮೊದಲು ಬಾಗಿಲು ತೆಗೆದಿಟ್ಟು ಝಳ ಹೋಗಲು ಬಿಡಿ. ದಾರಿಯಲ್ಲಿ ಗುರುತಿನವರು ಕಂಡರೆ ಗಾಜು ಇಳಿಸಿ ಮಾತಾಡಿಸಿ, ಜಾಗವಿದ್ದರೆ ಹತ್ತಿಸಿಕೊಳ್ಳಿ.